ಮಗ್ಗದ ಬೀದಿಯ ತುಟಿಮಾತು

ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಹೆಂಗಸರು ಮುಖಕ್ಕೆ ಮುಖ ತಂದು, ಕೈ ಬೀಸಿಕೊಂಡು, ಗಂಟಲು ಹರಿಯುವ ಹಾಗೆ ಮಾತಾಡುತ್ತಿದ್ದರೆ ಅದು ಜಗಳ ಎಂದು ತಿಳಿಯಬೇಡಿ. ಹುರುಳೀಕಾಯಿ ಎಳೆಯದಾಗಿತ್ತಾ ಎಂದು ಒಬ್ಬಳು ಕೇಳುತ್ತಿರುತ್ತಾಳೆ, ಅಷ್ಟೆ. ಅವರು ಮಗ್ಗದ ಬೀದಿಯವರು. ಹುಟ್ಟಿದಾಗಿನಿಂದ ಪವರ್‌ಲೂಮಿನ ಸದ್ದಿನ ಮೇಲೆ ಸದ್ದು ಮಾಡಿಕೊಂಡು ಬೆಳೆದವರಿಗೆ ಮೆತ್ತಗೆ ಮಾತಾಡುವುದನ್ನು ಯಾರೂ ಕಲಿಸಿರುವುದಿಲ್ಲ. ನಾನೂ ಅಂಥವಳೇ. ಬ್ಯಾಂಕಿಗೆ ಹೋದರೆ ಕೌಂಟರಿನ ಹುಡುಗಿ ‘ಯಾಕಮ್ಮಾ ಬೈತೀರಾ’ ಅನ್ನುತ್ತಾಳೆ. ಬೈಯುವುದಕ್ಕೂ ಕೇಳುವುದಕ್ಕೂ ನನಗಿರುವುದು ಒಂದೇ ದನಿ, ಏನು ಮಾಡಲಿ.

ನಮ್ಮ ಬೀದಿ ದೊಡ್ಡದೇನಲ್ಲ. ಒಂದು ಆಟೋ ಬಂದರೆ ಇನ್ನೊಂದು ಆ ತುದಿಯಲ್ಲಿ ಕಾಯಬೇಕು. ಎರಡೂ ಕಡೆ ಒಂದಕ್ಕೊಂದು ಅಂಟಿಕೊಂಡ ಮನೆಗಳು, ಪ್ರತಿ ಮನೆಯ ಮುಂದಿನ ಕೋಣೆಯಲ್ಲಿ ಎರಡೋ ನಾಲ್ಕೋ ಮಗ್ಗ. ಮಗ್ಗಕ್ಕೆ ಬೆಳಕು ಬೇಕು, ಗಾಳಿ ಬೇಕು ಎಂದು ಒಳ್ಳೆಯ ಜಾಗವನ್ನೆಲ್ಲ ಅದಕ್ಕೆ ಕೊಟ್ಟು, ಮನುಷ್ಯರು ಹಿಂದಿನ ಕತ್ತಲ ಕೋಣೆಯಲ್ಲಿ ಕೂತು ಉಣ್ಣುತ್ತಿದ್ದೆವು, ಮಲಗುತ್ತಿದ್ದೆವು. ಬೀದಿಯ ಕೊನೆಯಲ್ಲಿ ಬಣ್ಣದ ಮನೆ. ಅಲ್ಲಿ ರೇಷ್ಮೆಯ ನೂಲನ್ನು ಕುದಿಯುವ ಬಣ್ಣದಲ್ಲಿ ಅದ್ದಿ ತೆಗೆದು, ಲಡಿಗಟ್ಟಲೆ ಬಿದಿರಿನ ಗಳಗಳ ಮೇಲೆ ಬೀದಿಯುದ್ದಕ್ಕೂ ಒಣಹಾಕುತ್ತಿದ್ದರು. ಶಾಲೆಗೆ ಹೋಗುವಾಗ ತಲೆ ಬಗ್ಗಿಸದಿದ್ದರೆ ಯೂನಿಫಾರ್ಮಿನ ಹೆಗಲಿಗೆ ಗಿಳಿಹಸಿರು ಅಂಟಿಕೊಳ್ಳುತ್ತಿತ್ತು. ಈ ಸಲ ಪೇಟೆಯ ಜನ ಮದುವೆಗೆ ಏನು ಉಡುತ್ತಾರೆ ಎನ್ನುವುದು ನಮಗೆ ಮೊದಲು ಗೊತ್ತಾಗುತ್ತಿದ್ದುದು ಚರಂಡಿಯಿಂದ. ಒಂದು ವರ್ಷ ಅದು ಮೂರು ತಿಂಗಳು ನೇರಳೆಯಾಗಿಯೇ ಹರಿಯಿತು. ಬೀದಿಯ ನಾಯಿಗಳ ಕಾಲು ಕೂಡ ನೇರಳೆ.

ಅಲ್ಲಿದ್ದವರೂ ಒಂದು ಬಣ್ಣದವರಲ್ಲ. ನಮ್ಮ ತಾತ ಹಿಂದೂಪುರದ ಆಚೆಯಿಂದ ಗುಂಡಿಯಲ್ಲಿ ಕಾಲಿಟ್ಟು ಕೈಯಲ್ಲಿ ನೇಯುವ ಗುಣಿಮಗ್ಗ ಬಿಚ್ಚಿ ಗಾಡಿಯಲ್ಲಿ ಹೇರಿಕೊಂಡು ಬಂದವನು, ಹಾಗಾಗಿ ನಮ್ಮ ಮನೆಯಲ್ಲಿ ತೆಲುಗು. ಬಣ್ಣ ಹಾಕುವವರು, ನೂಲಿಗೆ ಹುರಿ ಕೊಡುವವರು ಹೆಚ್ಚಾಗಿ ಉರ್ದು ಮಾತಾಡುವವರು, ನಮಗಿಂತ ಹಳಬರು. ಸೀರೆಯ ಅಂಚಿಗೆ ಹೂವು ಬಳ್ಳಿ ಬರುವಂತೆ ರಟ್ಟಿಗೆ ತೂತು ಹೊಡೆಯುವ ಕಸುಬಿನ ತಮಿಳರು ಎರಡು ಮನೆ. ರಾಜಘಟ್ಟದ ಕಡೆಯ ಒಕ್ಕಲು ಮನೆತನದವರೂ ಒಂದಷ್ಟು ಜನ ಇದ್ದರು. ಅವರು ರಾಗಿ ಬಿತ್ತಿ ಬಂದು ನೇಯುತ್ತಿದ್ದರು, ಕುಯ್ಯುವ ಹೊತ್ತಿಗೆ ಮಗ್ಗ ನಿಲ್ಲಿಸಿ ಹೊರಡುತ್ತಿದ್ದರು. ಆಮೇಲಾಮೇಲೆ ಒಡಿಶಾ, ಬಿಹಾರದ ಹುಡುಗರು ಬಂದು ಮಗ್ಗದ ಕೋಣೆಗಳಲ್ಲೇ ಮಲಗಲು ಶುರುಮಾಡಿದರು. ಬೀದಿಯಲ್ಲಿ ಐದಾರು ಭಾಷೆ. ಒಬ್ಬರಿಗೂ ಎಲ್ಲ ಭಾಷೆ ಬಾರದು. ಇದನ್ನು ಹೊಗಳಿ ಬರೆಯುವವರನ್ನು ನೋಡಿದ್ದೇನೆ, ಎಲ್ಲರೂ ಒಂದೇ ತಾಯಿ ಮಕ್ಕಳಂತೆ ಇದ್ದೆವು ಎಂದು. ಹಾಗೇನಿರಲಿಲ್ಲ. ನಲ್ಲಿ ನೀರಿಗೆ ಕೊಡ ಇಡುವ ಜಾಗಕ್ಕೆ ಅಷ್ಟೂ ಭಾಷೆಯಲ್ಲಿ ಬೈದಾಡಿಕೊಂಡಿದ್ದೇವೆ. ಆದರೆ ಬೈಗುಳವೂ ಒಂದು ಬಳಕೆಯೇ. ಬಳಕೆ ಇತ್ತು, ಅದನ್ನು ಧಾರಾಳವಾಗಿ ಹೇಳಬಲ್ಲೆ.

ಎಲ್ಲ ಭಾಷೆಗಳ ಮೇಲೆ ಇನ್ನೊಂದು ಭಾಷೆ ಇತ್ತು, ಅದೇ ನಮ್ಮ ನಿಜವಾದ ಭಾಷೆ. ನಾಲ್ಕು ಮಗ್ಗ ಒಟ್ಟಿಗೆ ಬಡಿಯುವ ಕೋಣೆಯಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ಆದ್ದರಿಂದ ದನಿ ಬಿಟ್ಟು, ತುಟಿಯನ್ನು ಅಗಲವಾಗಿ ಆಡಿಸಿ ಮಾತಾಡುತ್ತಿದ್ದೆವು, ಬೇಕಾದ ಕಡೆ ಕೈ ಸೇರಿಸುತ್ತಿದ್ದೆವು. ಮಕ್ಕಳು ಓದುಬರಹಕ್ಕಿಂತ ಮುಂಚೆ ತುಟಿ ಓದುತ್ತಿದ್ದರು. ತೆಲುಗಿನ ತುಟಿ, ಉರ್ದುವಿನ ತುಟಿ, ಕನ್ನಡದ ತುಟಿ ನನಗೆ ಬೀದಿಯ ಆ ಬದಿಯಿಂದಲೂ ಓದಲು ಬರುತ್ತಿತ್ತು. ತಮಿಳಿನದು ಹತ್ತಿರ ಇದ್ದರೆ ಮಾತ್ರ. ಹೆಸರು ಹಿಡಿದು ಕೂಗಿ ಉಪಯೋಗವಿಲ್ಲವಾದ್ದರಿಂದ ಎಲ್ಲರಿಗೂ ಒಂದೊಂದು ಸನ್ನೆ. ಬಣ್ಣದವನಿಗೆ ಅಂಗೈ ತೋರಿಸುವುದು, ಮಗ್ಗ ರಿಪೇರಿಯ ತಮಿಳು ಮುದುಕನಿಗೆ ಸ್ಪ್ಯಾನರ್ ತಿರುಗಿಸುವುದು. ನನಗೆ ಮೂಗಿನ ತುದಿ ಮುಟ್ಟಿಕೊಳ್ಳುವುದು. ಕೋಪ ಸದಾ ಅಲ್ಲೇ ಇರುತ್ತದೆ ಎಂದು ಆ ಸನ್ನೆ. ಚಿಕ್ಕವಳಿದ್ದಾಗ ಇಟ್ಟರು, ಬದಲಾಯಿಸಲು ನಾನು ಕಾರಣ ಕೊಡಲಿಲ್ಲ.

ತುಟಿಮಾತಿಗೆ ಎರಡು ಕಟ್ಟುಪಾಡಿತ್ತು. ಗುಟ್ಟಿದ್ದರೆ ಬಾಯಿಗೆ ಸೆರಗೋ ಟವೆಲ್ಲೋ ಅಡ್ಡ ಹಿಡಿಯಬೇಕು. ಮುಚ್ಚಿಕೊಳ್ಳದೆ ಆಡಿದ ಮಾತು ಎಲ್ಲರ ಮಾತು, ಆಮೇಲೆ ಯಾಕೆ ನೋಡಿದೆ ಎಂದು ಕೇಳುವ ಹಾಗಿಲ್ಲ. ಇದು ಒಂದು. ಇನ್ನೊಂದು, ಬೇರೆಯವರ ಮನೆಯೊಳಗಿನ ಮಾತನ್ನು ಕಿಟಕಿಯಿಂದ ಓದಬಾರದು. ಕಣ್ಣಿಗೆ ಬಿದ್ದರೆ ಮುಖ ತಿರುಗಿಸಬೇಕು. ಓದಿದವಳು ಕಳ್ಳಿಗಿಂತ ಕಡೆ. ಈ ಎರಡು ಕಟ್ಟುಪಾಡಿನ ನಡುವೆ ಸಿಕ್ಕಿಕೊಂಡು ನಾನು ಏನು ಮಾಡಿಕೊಂಡೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿರುವುದು.

ಬೀದಿಯ ಸದ್ದು ನಿಲ್ಲುವುದಕ್ಕೆ ಆಗ ಎರಡೇ ಕಾರಣ. ಕರೆಂಟು ಹೋಗಿರಬೇಕು, ಇಲ್ಲ ಯಾರೋ ಹೋಗಿರಬೇಕು. ಯಾವ ಜಾತಿಯವರ ಮನೆಯಲ್ಲಿ ಸಾವಾದರೂ ಮಣ್ಣಾಗುವ ತನಕ ಎಲ್ಲರೂ ಮಗ್ಗ ನಿಲ್ಲಿಸುತ್ತಿದ್ದರು. ಕರೆಂಟು ಹೋದಾಗ ಮಾತ್ರ ಹಬ್ಬ. ಎಲ್ಲರೂ ಜಗಲಿಗೆ ಬರುತ್ತಿದ್ದರು. ಸದ್ದಿಲ್ಲ ಎನ್ನುವುದು ಯಾರಿಗೂ ನೆನಪಿರುತ್ತಿರಲಿಲ್ಲ, ಒಬ್ಬರಿಗೊಬ್ಬರು ಅರಚುತ್ತಿದ್ದರು, ಅತ್ತೆ ಸೊಸೆಯರ ಗುಟ್ಟು ಮೂರು ಬೀದಿ ದಾಟುತ್ತಿತ್ತು.

ನನ್ನ ಮದುವೆಯಾಗಿ ಎರಡು ವರ್ಷಕ್ಕೇ ನಾನು ಈ ಬೀದಿಗೆ ವಾಪಸು ಬಂದೆ. ಕಾರಣ ಇಲ್ಲಿ ಬೇಡ. ಬಂದ ವಾರವೇ ಎದುರುಮನೆಯವಳು ಕಿಟಕಿಯಿಂದ ‘ಕೆಚ್ಚುವುದಕ್ಕೆ ಬರ್ತೀಯಾ’ ಎಂದು ತುಟಿಯಾಡಿಸಿ ಕೇಳಿದಳು. ಬಣ್ಣದವನ ಹೆಂಡತಿ ಅವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು. ಮನೆಯಲ್ಲಿ ಉರ್ದು, ನನ್ನ ಹತ್ತಿರ ಕನ್ನಡ. ಕೆಚ್ಚುವುದು ಎಂದರೆ, ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು, ಅಂದರೆ ಹಾಸು, ಮುಗಿಯುತ್ತ ಬಂದಾಗ ಹಳೆಯ ಹಾಸಿನ ಪ್ರತಿಯೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಸೇರಿಸುವುದು. ಸಾವಿರಾರು ಎಳೆ. ಬೆರಳಿಗೆ ಒಲೆಯ ಬೂದಿ ಮುಟ್ಟಿಸಿಕೊಂಡು, ಎರಡು ಎಳೆ ಹಿಡಿದು, ಒಂದು ತಿರುವು ತಿರುವಿ ಬಿಡಬೇಕು. ಗಂಟು ಹಾಕಿದರೆ ಮಗ್ಗದ ಅಚ್ಚಿನ ಹಲ್ಲುಗಳ ಸಂದಿಯಲ್ಲಿ ತೂರುವುದಿಲ್ಲ. ಇಬ್ಬರು ಕೂತರೆ ಒಂದು ದಿನದ ಕೆಲಸ. ಒಬ್ಬಳು ಬಲ ಅಂಚಿನಿಂದ, ಇನ್ನೊಬ್ಬಳು ಎಡ ಅಂಚಿನಿಂದ ಶುರುಮಾಡಿ ನಡುವಿಗೆ ಬರುವುದು.

ಹಾಗೆ ನಾವಿಬ್ಬರು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಬೀದಿಯ ಮನೆಮನೆಗೆ ಹೋಗಿ ಕೆಚ್ಚಿದೆವು. ಕೈ ಎಳೆಯ ಮೇಲೆ, ಕಣ್ಣು ಎದುರಿನವಳ ತುಟಿಯ ಮೇಲೆ. ಬೆಳಗ್ಗೆ ಕೂತು ಶುರುಮಾಡಿದ ಮಾತು ಸಂಜೆಗೆ ಮುಗಿಯುತ್ತಿತ್ತು. ಬಹಳ ಸಲ ಅದು ಜಗಳ. ಅವಳು ನಿಧಾನಿ, ನಾನು ಅವಸರದವಳು. ನನ್ನ ಪಾಲಿನ ಎಳೆ ಹೆಚ್ಚಾಯಿತು, ನೀನು ನಡುವಿಗೆ ಇನ್ನೂ ಬಂದಿಲ್ಲ ಎಂದು ನಾನು ಸಿಡುಕುವುದು. ‘ನಿನ್ನ ಎಳೆ ನಾಳೆ ಬಿಚ್ಚುತ್ತೆ, ಆಗ ನೋಡ್ಕೋ’ ಎಂದು ಅವಳು ನಗುವುದು. ರಂಜಾನಿನಲ್ಲಿ ಅವಳು ಉಪವಾಸವಿದ್ದಾಗ ನಾನು ಅವಳ ಮುಂದೆ ನೀರು ಕುಡಿಯುತ್ತಿರಲಿಲ್ಲ. ಅದಕ್ಕೂ ಬೈಯುತ್ತಿದ್ದಳು, ನಿನಗೆ ಯಾರು ಹೇಳಿದರು ಎಂದು. ನನಗೆ ಮಕ್ಕಳಿಲ್ಲ, ಅಣ್ಣತಮ್ಮಂದಿರಿಲ್ಲ, ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಹೋದರು. ಅವರಿಬ್ಬರು ಹೋದಾಗಲೂ ನಾನು ಒಂಟಿ ಅನ್ನಿಸಿರಲಿಲ್ಲ. ಸುಳ್ಳು ಹೇಳುತ್ತಿಲ್ಲ. ಎದುರಿಗೆ ಒಂದು ಕಿಟಕಿ ಇತ್ತು, ಅದರಲ್ಲಿ ಅವಳಿದ್ದಳು.

ಮಗ್ಗಗಳು ಯಾವಾಗ ನಿಲ್ಲಲು ಶುರುವಾದವು ಎಂದು ಹೇಳುವುದು ಕಷ್ಟ. ಒಂದೊಂದಾಗಿ ನಿಂತವು. ಹೊರಗಿನಿಂದ ಅಗ್ಗದ ಸೀರೆ ಬಂತು, ನೂಲಿನ ಬೆಲೆ ಏರಿತು, ಅದೆಲ್ಲ ಪೇಪರಿನಲ್ಲಿ ಬರುತ್ತಿತ್ತು. ನಮಗೆ ಕಂಡದ್ದು ಗುಜರಿಯವನ ಟೆಂಪೋ. ಮಗ್ಗವನ್ನು ಸುತ್ತಿಗೆಯಿಂದ ಬಿಚ್ಚಿ, ತೂಕಕ್ಕೆ ಹಾಕಿಕೊಂಡು ಹೋಗುತ್ತಿದ್ದರು. ಬಣ್ಣದ ಮನೆಯನ್ನು ಊರಾಚೆಗೆ ಕಳಿಸಿದರು, ಚರಂಡಿ ಬರೀ ಚರಂಡಿಯಾಯಿತು. ಎದುರುಮನೆಯವಳ ಗಂಡ ತೀರಿಕೊಂಡ. ಆ ದಿನ ಬೀದಿಯಲ್ಲಿ ನಿಲ್ಲಿಸುವುದಕ್ಕೆ ಉಳಿದಿದ್ದುದೇ ಏಳೆಂಟು ಮಗ್ಗ. ಅವಳ ಮನೆಯಲ್ಲಿ ಒಂದೇ ಒಂದು ಮಗ್ಗ ಉಳಿಯಿತು. ಒಡಿಶಾದ ಒಬ್ಬ ನೇಕಾರ ಬಂದು ನೇಯುತ್ತಿದ್ದ, ನಾವಿಬ್ಬರು ಅದಕ್ಕೆ ಮಾತ್ರ ಕೆಚ್ಚುತ್ತಿದ್ದೆವು. ಸದ್ದು ಕಡಿಮೆಯಾದರೂ ನಾವು ತುಟಿಯಲ್ಲೇ ಮಾತಾಡುತ್ತಿದ್ದೆವು. ಅಷ್ಟು ಹೊತ್ತಿಗೆ ಇಬ್ಬರ ಕಿವಿಯೂ ಮುಕ್ಕಾಲು ಹೋಗಿತ್ತು. ಕಿವಿ ಡಾಕ್ಟರು ಮಷೀನು ಹಾಕಿಕೊಳ್ಳಿ ಎಂದರು. ಹಾಕಿಕೊಂಡು ಒಂದು ವಾರ ನೋಡಿದೆ. ಫ್ಯಾನಿನ ಸದ್ದು, ಪಾತ್ರೆಯ ಸದ್ದು ಎಲ್ಲ ಒಟ್ಟಿಗೆ ನುಗ್ಗಿ ಬಂತು, ಮನುಷ್ಯರ ಮಾತು ಮಾತ್ರ ಬರಲಿಲ್ಲ. ತೆಗೆದು ಡಬ್ಬಿಯಲ್ಲಿಟ್ಟೆ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ನಾನು ಕಿಟಕಿಯ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಎದುರಿನ ಕಿಟಕಿಯಲ್ಲಿ ಅವಳು ನಿಂತಿದ್ದಳು, ಮುಖ ಬೀದಿಯ ಕಡೆಗೆ. ಅವಳ ಹಿಂದೆ ಮಗ. ಅವನು ಹೊಸಕೋಟೆ ತಾಲೂಕಿನ ಜಡಿಗೇನಹಳ್ಳಿ ರಸ್ತೆಯಲ್ಲಿ ಟೈರ್ ಅಂಗಡಿ ಇಟ್ಟುಕೊಂಡು ಅಲ್ಲೇ ಸಂಸಾರ ಮಾಡಿದವನು. ಒಳ್ಳೆಯವನೇ. ಅಮ್ಮನನ್ನು ಕರೆದುಕೊಂಡು ಹೋಗಲು ವರ್ಷದಿಂದ ಬರುತ್ತಿದ್ದ, ಅವಳು ಪ್ರತಿ ಸಲ ಏನೋ ನೆಪ ಹೇಳಿ ಕಳಿಸುತ್ತಿದ್ದಳು. ಆ ನೆಪಗಳಲ್ಲಿ ಅರ್ಧ ನಾನೇ ಹೇಳಿಕೊಟ್ಟವು.

ಮಗ ಏನೋ ಹೇಳಿದ, ಕಿವಿಗೆ ಬೀಳದಿದ್ದರೂ ಅವನು ಕೇಳುವುದು ಯಾವಾಗಲೂ ಒಂದೇ ಎಂದು ಅವಳಿಗೆ ಗೊತ್ತು. ಅವಳು ಉರ್ದುವಿನಲ್ಲಿ ಉತ್ತರ ಕೊಟ್ಟಳು. ನಾನು ಮುಖ ತಿರುಗಿಸಬೇಕಿತ್ತು, ತಿರುಗಿಸಲಿಲ್ಲ. ಅವಳು ಹೇಳಿದ್ದು ಇಷ್ಟು. ಹ್ಞೂಂ, ಬರ್ತೀನಿ, ಮನೆ ಕೊಟ್ಟುಬಿಡು. ಎದುರುಮನೆಯವಳಿಗೆ ಈಗ ಹೇಳಬೇಡ, ಹೋಗುವ ದಿನ ನಾನೇ ಹೇಳ್ತೀನಿ.

ನನ್ನ ಮಡಿಲಿನ ಅವರೆಕಾಳು ನೆಲಕ್ಕೆ ಬಿತ್ತು. ಮನೆ ಮಾರುವುದು ಅವಳ ಇಷ್ಟ, ಮಗನ ಮನೆಗೆ ಹೋಗುವುದು ಅವಳ ಹಕ್ಕು, ಅದೆಲ್ಲ ಬುದ್ಧಿಗೆ ಗೊತ್ತಿತ್ತು. ಆದರೆ ಹೋಗುವ ದಿನ ಹೇಳ್ತೀನಿ ಎಂದರೆ? ಹಾಲಿನವನಿಗೆ ನಾಳೆಯಿಂದ ಬೇಡ ಎಂದು ಹೇಳುವ ಹಾಗೆ ನನಗೂ ಹೇಳುವುದಾ? ಬೇರೆ ಯಾವ ವಿಷಯವಾಗಿದ್ದರೂ ನಾನು ಆಗಲೇ ಬೀದಿ ದಾಟಿ, ಅವಳ ಹೊಸಿಲಲ್ಲಿ ನಿಂತು, ಅವಳ ಸತ್ತ ಮಾವನನ್ನೂ ಬಿಡದೆ ಬೈದಿರುತ್ತಿದ್ದೆ. ಎದ್ದೂ ನಿಂತೆ. ಬಾಗಿಲ ತನಕ ಹೋದೆ. ಏನೆಂದು ಕೇಳಲಿ? ನಿನಗೆ ಹೇಗೆ ಗೊತ್ತಾಯಿತು ಎಂದರೆ? ಮನೆಯೊಳಗಿನ ಮಾತನ್ನು ಕಿಟಕಿಯಲ್ಲಿ ಓದಿದೆ ಎನ್ನಬೇಕು. ಐವತ್ತು ವರ್ಷ ದಾಟಿದ ಮೇಲೆ, ಅದೂ ಅವಳ ಮುಂದೆ, ಕಳ್ಳಿಯಾಗಿ ನಿಲ್ಲಬೇಕು. ನಾಚಿಕೆ ಕೋಪವನ್ನು ಹಿಡಿದು ಒಳಗೆ ತಳ್ಳಿತು. ಒಳಗೆ ಹೋದ ಕೋಪ ಕೆಟ್ಟದ್ದು, ಅದು ನನಗೆ ಅಭ್ಯಾಸವಿರಲಿಲ್ಲ.

ಸಂಜೆ ಹೋಗಿ ಬಟ್ಟೆ ಅಂಗಡಿಯಿಂದ ಒಂದು ಪರದೆ ತಂದೆ. ಕಂದು ಬಣ್ಣದ್ದು, ಒರಟು ನೇಯ್ಗೆಯದು. ಕಿಟಕಿಗೆ ಮೊಳೆ ಹೊಡೆದು ಕಟ್ಟಿದೆ. ನಮ್ಮ ಬೀದಿಯಲ್ಲಿ ಅದಕ್ಕೆ ಮುಂಚೆ ಯಾರೂ ಕಿಟಕಿಗೆ ಪರದೆ ಹಾಕಿದ್ದನ್ನು ನಾನು ಕಂಡಿರಲಿಲ್ಲ.

ಮೂರು ವಾರ. ಆ ಮೂರು ವಾರವನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಬಿಚ್ಚಿ ನೋಡಿದ್ದೇನೋ. ಮೊದಲ ದಿನ ಅವಳು ಬೀದಿಯಲ್ಲಿ ಸಿಕ್ಕಾಗ ‘ಏನೇ, ಪರದೆ?’ ಎಂದು ಕೇಳಿದಳು. ‘ಬಿಸಿಲು’ ಎಂದೆ. ನಮ್ಮ ಕಿಟಕಿ ಉತ್ತರಕ್ಕಿದೆ. ಒಂದು ವಾರ ಕಳೆದ ಮೇಲೆ ನೇಕಾರನ ಕೈಲಿ ಹೇಳಿಕಳಿಸಿದಳು, ಮನೆಯಲ್ಲಿ ಉಳಿದ ನೂಲಿಗೆ ಕೊನೆಯದಾಗಿ ಒಂದು ಹಾಸು ಹಾಕುತ್ತಿದ್ದೀನಿ, ಕೆಚ್ಚುವುದಕ್ಕೆ ಬಾ ಎಂದು. ಕೊನೆಯದಾಗಿ ಎನ್ನುವ ಮಾತನ್ನು ಅವನ ಕೈಲಿ ಹೇಳಿಕಳಿಸುತ್ತಾಳಲ್ಲ ಎಂದು ನನಗೆ ಇನ್ನಷ್ಟು ಉರಿಯಿತು. ಬೆರಳು ನೋವು ಎಂದು ಹೇಳಿಕಳಿಸಿದೆ.

ಮಾರನೆಯ ದಿನ ಪರದೆಯ ಅಂಚನ್ನು ಒಂದು ಬೆರಳಷ್ಟು ಸರಿಸಿ ನೋಡಿದೆ. ಅವಳು ಒಬ್ಬಳೇ ಹಾಸಿನ ಮುಂದೆ ಕೂತಿದ್ದಳು. ಬಲ ಅಂಚಿನಿಂದ ಒಂದಷ್ಟು ಎಳೆ ಹೊಸೆದಳು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು, ಸುತ್ತಿಕೊಂಡು ಹೋಗಿ, ನನ್ನ ಜಾಗದಲ್ಲಿ ಕೂತು ಎಡದಿಂದ ಹೊಸೆದಳು. ಒಬ್ಬರೇ ಆದರೆ ಒಂದೇ ಕಡೆಯಿಂದ ಹೊಸೆಯುತ್ತ ಹೋಗಬಹುದು, ಎದ್ದು ಸುತ್ತುವ ಅಗತ್ಯವೇ ಇಲ್ಲ. ಅದು ಅವಳಿಗೆ ನನ್ನಷ್ಟೇ ಗೊತ್ತು. ಆದರೂ ಎದ್ದು ಎದ್ದು ಹೋಗುತ್ತಿದ್ದಳು. ಮೂರು ದಿನ ಹಿಡಿಯಿತು. ನಾನು ಮೂರು ದಿನವೂ ನೋಡಿದೆ, ಹೋಗಲಿಲ್ಲ. ನನ್ನಂಥ ಕಲ್ಲುಮನಸ್ಸಿನವಳು ಇನ್ನೊಬ್ಬಳಿರಲಾರಳು.

ಹೊರಡುವ ದಿನ ಬೆಳಗ್ಗೆ ಟೆಂಪೋ ಬಂತು. ಬೀದಿಯಲ್ಲಿ ಉಳಿದವರು ಬಂದು ಅವಳ ಕೈ ಹಿಡಿದುಕೊಂಡರು. ತಮಿಳರ ಮನೆಯ ಸೊಸೆ ನನ್ನ ಬಾಗಿಲು ಬಡಿದಿರಬೇಕು, ಬಾಗಿಲು ಅದುರಿದ್ದು ಕಂಡಿತು. ನಾನು ಪರದೆಯ ಹಿಂದೆ ನಿಂತಿದ್ದೆ. ಅವಳು ಟೆಂಪೋ ಹತ್ತುವ ಮುಂಚೆ ನನ್ನ ಕಿಟಕಿಯ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತಳು. ಅವಳ ತುಟಿ ಆಡಿತೋ ಇಲ್ಲವೋ ಗೊತ್ತಿಲ್ಲ. ಆ ಹೊತ್ತಿನಲ್ಲಿ ನಾನು ಪರದೆ ಸರಿಸಿರಲಿಲ್ಲ, ಬಟ್ಟೆಯ ಹಿಂದೆ ಅವಳ ಆಕಾರವಷ್ಟೇ ಕಾಣುತ್ತಿತ್ತು.

ಮನೆ ಕೊಂಡವರು ಅದನ್ನು ಕೆಡವಿ ನಾಲ್ಕು ಅಂತಸ್ತು ಎತ್ತಿದರು. ಈಗ ಅಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು, ಏರ್‌ಪೋರ್ಟಿನ ಕ್ಯಾಬ್ ಓಡಿಸುವವರು, ಅಸ್ಸಾಮಿನ ಸೆಕ್ಯೂರಿಟಿಯವರು ಬಾಡಿಗೆಗೆ ಇದ್ದಾರೆ. ಬೀದಿಯಲ್ಲಿ ಮುಂಚೆಗಿಂತ ಹೆಚ್ಚು ಭಾಷೆ ಇದೆ, ಬಣ್ಣವೂ ಇದೆ. ಮಹಡಿ ಮಹಡಿಗೂ ಹಗ್ಗದ ಮೇಲೆ ಎಲ್ಲ ಸೀಮೆಯ ಬಟ್ಟೆ ಒಣಗುತ್ತದೆ. ಆ ಮಕ್ಕಳೇನು ಕೆಟ್ಟವರಲ್ಲ, ನನ್ನನ್ನು ಕಂಡರೆ ನಗುತ್ತಾರೆ. ನನ್ನ ಮಗ್ಗದ ಕೋಣೆಯನ್ನೂ ಒಡಿಶಾದ ಇಬ್ಬರು ಹುಡುಗಿಯರಿಗೆ ಕೊಟ್ಟಿದ್ದೇನೆ. ಆದರೆ ಅವರ ತುಟಿ ನನಗೆ ಓದಲು ಬರುವುದಿಲ್ಲ. ಅರ್ಧ ಬಾಯಿ ತೆರೆದು, ಬೇರೆಲ್ಲೋ ನೋಡಿಕೊಂಡು ಮಾತಾಡುತ್ತಾರೆ, ಸದ್ದಿಲ್ಲದ ಜಾಗದಲ್ಲಿ ಬೆಳೆದವರು ಹಾಗೆಯೇ. ಎಷ್ಟೋ ದಿನ ಬೆಳಗ್ಗಿನಿಂದ ಸಂಜೆಯ ತನಕ ನನಗೆ ಅರ್ಥವಾದ ಒಂದು ಮಾತೂ ಇರುವುದಿಲ್ಲ. ಮೌನ ಎಂದರೆ ಶಾಂತಿ ಎನ್ನುತ್ತಾರಲ್ಲ, ಅವರು ಯಾರೂ ಇದರಲ್ಲಿ ಬದುಕಿಲ್ಲ. ನನಗೆ ಇದು ಯಾರೋ ಸತ್ತ ದಿನದ ಹಾಗೆಯೇ ಇರುತ್ತದೆ, ದಿನವೂ.

ಅವಳು ಫೋನು ಮಾಡುತ್ತಿದ್ದಳು. ಫೋನಿನಲ್ಲಿ ತುಟಿ ಎಲ್ಲಿರುತ್ತದೆ? ಕಿವಿಗೆ ಒತ್ತಿ ಹಿಡಿದರೂ ಗೊರಗೊರ ಎನ್ನುವುದು ಬಿಟ್ಟರೆ ಏನಿಲ್ಲ. ಅವಳಿಗೂ ಅಷ್ಟೇ ಎಂದು ಗೊತ್ತಿತ್ತು. ಕೇಳಿಸದ ಇಬ್ಬರು ಆ ಕಡೆ ಈ ಕಡೆ ಹಲೋ ಎಂದು ಅರಚಿಕೊಂಡು ಇಡುತ್ತಿದ್ದೆವು. ಈ ವರ್ಷ ಬೇಸಗೆಯಲ್ಲಿ ಒಮ್ಮೆ ಬಾಡಿಗೆಯ ಹುಡುಗಿ ಫೋನು ತೆಗೆದುಕೊಂಡು ಕೇಳಿಸಿಕೊಂಡಳು, ಆಮೇಲೆ ತನ್ನ ಮುರುಕು ಕನ್ನಡವನ್ನು ಒಂದು ಚೀಟಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದು ತೋರಿಸಿದಳು. ಬೆರಳು ನೋವು ಹೇಗಿದೆ ಎಂದು ಕೇಳುತ್ತಿದ್ದಾರೆ ಎಂದಿತ್ತು.

ಬೆರಳು ನೋವು ಎನ್ನುವ ಸುಳ್ಳನ್ನು ಅವಳು ಎರಡು ವರ್ಷದಿಂದ ಇಟ್ಟುಕೊಂಡು ವಿಚಾರಿಸುತ್ತಿದ್ದಾಳೆ. ನನಗೆ ಅಳು ಬಂತು. ಮಾರನೆಯ ದಿನವೇ ಹೊರಟೆ. ದೇವನಹಳ್ಳಿಗೆ ಒಂದು ಬಸ್ಸು, ಅಲ್ಲಿಂದ ಸೂಲಿಬೆಲೆ ಮೇಲೆ ಹೊಸಕೋಟೆಗೆ ಇನ್ನೊಂದು, ಅಲ್ಲಿಂದ ಜಡಿಗೇನಹಳ್ಳಿಯ ಕಡೆಗೆ ಮತ್ತೊಂದು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡೆ. ನಾನು ಆ ದಿನ ನಿನ್ನ ಮನೆಯೊಳಗಿನ ಮಾತನ್ನು ಓದಿದೆ, ಅದಕ್ಕೇ ಪರದೆ ಹಾಕಿದೆ, ತಪ್ಪಾಯಿತು. ಮೂರೇ ಮಾತು. ಬಾಯಿಪಾಠ ಮಾಡಿಕೊಂಡೆ.

ಟೈರ್ ಅಂಗಡಿಯ ಹಿಂದೆಯೇ ಮನೆ. ಅವಳು ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು, ಬಹಳ ಇಳಿದುಹೋಗಿದ್ದಳು. ನನ್ನನ್ನು ನೋಡಿ ಏಳಲಿಲ್ಲ, ಪಕ್ಕದ ಕುರ್ಚಿಯನ್ನು ತನ್ನ ಎದುರಿಗೆ ತಿರುಗಿಸಿದಳು. ಸೊಸೆ ಬಂದು ಏನೋ ಕೇಳಿದಳು, ಕೈಯಲ್ಲಿದ್ದ ಮೊಬೈಲ್ ನೋಡಿಕೊಂಡೇ ಕೇಳಿ ಒಳಗೆ ಹೋದಳು.

“ಟೀ ಕುಡೀತೀಯಾ ಅಂದಿರ್ಬೇಕು,” ಎಂದಳು ಎದುರುಮನೆಯವಳು, ದನಿಯಿಲ್ಲದೆ, ತುಟಿಯಲ್ಲಿ. “ಇಲ್ಲಿ ಎಲ್ರೂ ಒಳ್ಳೆಯವ್ರು ಕಣೇ. ಆದ್ರೆ ಒಬ್ರೂ ಮುಖ ಕೊಟ್ಟು ಮಾತಾಡಲ್ಲ. ನಂಗೇನೂ ಗೊತ್ತಾಗಲ್ಲ. ಹ್ಞೂಂ ಅಂತಿರ್ತೀನಿ.”

ಎರಡು ವರ್ಷದ ಮೇಲೆ ನನಗೆ ಪೂರ್ತಿ ಅರ್ಥವಾದ ಮೊದಲ ಮಾತು ಅದು. ನಾನು ಬಾಯಿಪಾಠ ಮಾಡಿದ್ದನ್ನು ಶುರುಮಾಡಿದೆ. “ಆವತ್ತು ನಾನು ನಿನ್ನ ಕಿಟಕೀಲಿ ಓದ್ಬಿಟ್ಟೆ. ಮಗನ ಹತ್ರ ನೀನು...”

“ಗೊತ್ತು,” ಎಂದಳು.

“ಏನು ಗೊತ್ತು?”

“ನೀನು ಅವರೆಕಾಯಿ ಸುಲೀತಾ ಕೂತಿದ್ದೆ. ನೋಡ್ಕೊಂಡೇ ಹೇಳಿದ್ದು. ಸೆರಗು ಅಡ್ಡ ಹಿಡಿದಿದ್ನಾ ನಾನು?”

ಹಿಡಿದಿರಲಿಲ್ಲ. ಸೆರಗು ತಲೆಯ ಮೇಲಿತ್ತು, ಮುಖ ಪೂರ್ತಿ ನನ್ನ ಕಡೆಗಿತ್ತು. ಮಗ ಹಿಂದೆ ನಿಂತಿದ್ದ, ಅವನಿಗೆ ಹೇಳುವ ಮಾತನ್ನು ಅವಳು ಬೀದಿಗೆ ಮುಖ ಮಾಡಿ ಹೇಳಿದ್ದಳು. ಎರಡು ವರ್ಷ ನಾನು ಕಳ್ಳಿ, ಕಳ್ಳಿ ಎಂದುಕೊಂಡೇ ಇದ್ದೆನೇ ಹೊರತು ಇದನ್ನು ಯೋಚಿಸಿರಲಿಲ್ಲ.

“ಅವನಿಗೆ ಬರಲ್ಲ ಅಂತ ಹೇಳೋಕೆ ನನ್ ಹತ್ರ ನೆಪ ಮುಗಿದೋಗಿತ್ತು,” ಎಂದಳು. “ಹೆತ್ತ ಮಗ, ಎಷ್ಟು ಸಲ ವಾಪಸ್ ಕಳಿಸ್ಲಿ? ನೀನು ಓದ್ತೀಯ, ಓಡ್ಬರ್ತೀಯ, ಅವನ ಮುಂದೇನೇ ನನ್ನನ್ನ ಹಿಡ್ಕೊಂಡು ಬೈತೀಯ ಅಂದ್ಕೊಂಡೆ. ಯಾವುದಕ್ಕೆ ಬೈದಿಲ್ಲ ನೀನು? ನೋಡಪ್ಪ, ಇವಳು ಬಿಡಲ್ಲ ಅಂತ ಹೇಳಿ ಉಳ್ಕೊಂಬಿಡ್ತಿದ್ದೆ. ಬಾಗಿಲು ತೆಗೆದಿಟ್ಟು ಕಾದೆ. ನೀನು ಪರದೆ ಹಾಕ್ದೆ.”

ಸೊಸೆ ಟೀ ತಂದಿಟ್ಟು ಹೋದಳು. ನಾನು ಮುಟ್ಟಲಿಲ್ಲ. ಹುಟ್ಟಿದಾಗಿನಿಂದ ಬೇಡದ ಕಡೆಯೆಲ್ಲ ಬೈದವಳು ನಾನು. ಬೈಯಲಿ ಎಂದು ಒಬ್ಬಳು ಕಾದ ಒಂದೇ ಒಂದು ದಿನ ಮರ್ಯಾದಸ್ಥೆಯಾಗಿ ಒಳಗೆ ಕೂತೆ.

ಎದ್ದು ನಿಂತೆ. ತುಟಿಯಲ್ಲಲ್ಲ, ಮಗ್ಗದ ಬೀದಿಯ ಪೂರ್ತಿ ದನಿಯಲ್ಲಿ ಶುರುಮಾಡಿದೆ. ನೀನೇನು ದೊಡ್ಡ ಮನುಷ್ಯಳಾ, ಬಾಯಿ ಬಿಟ್ಟು ಕೇಳೋಕೆ ಏನಾಗಿತ್ತು ನಿಂಗೆ, ಹೋಗ್ತೀನಿ ಅಂದ್ರೆ ಕಳಿಸ್ಬಿಡ್ತೀನಾ ನಾನು, ನನ್ನ ಯಾರ ಹತ್ರ ಬಿಟ್ಟು ಬಂದೆ, ಆ ಹಾಸು ಒಬ್ಬಳೇ ಎದ್ದೆದ್ದು ಕೆಚ್ಚಿದೆಯಲ್ಲ, ನನ್ನ ಕರಿಯೋಕೆ ಇನ್ನೊಂದು ಸಲ ಬಾಯಿ ಬರಲಿಲ್ವಾ. ಟೈರ್ ಅಂಗಡಿಯಿಂದ ಮಗ ಓಡಿಬಂದ. ಬೀದಿಯವರು ಕಾಂಪೌಂಡಿನ ಹತ್ತಿರ ನಿಂತರು. ಮಗ ನನ್ನ ಭುಜ ಹಿಡಿದು ಏನೋ ಸಮಾಧಾನ ಹೇಳಲು ಬಂದ.

ಅವಳು ಅವನ ಕೈ ಎಳೆದು ಪಕ್ಕಕ್ಕೆ ಸರಿಸಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಉಸಿರು ಸಾಲದೆ ಬೈಯುವುದನ್ನು ನಿಲ್ಲಿಸಿದೆ.

“ನಿಲ್ಲಿಸ್ಬೇಡ,” ಎಂದಳು. “ಇನ್ನೂ ಬೈಯಿ.”

ಬೈದೆ. ಬಸ್ಸಿನ ಹೊತ್ತಾಗುವ ತನಕ ಬೈದೆ. ಬಂದು ನನ್ನ ಜೊತೆ ಇರು ಎಂದೂ ಅದರೊಳಗೇ ಬೈದೆ. ಅದಕ್ಕೆ ಅವಳು ಮಗನ ಕಡೆಗೂ, ಬಾಗಿಲಲ್ಲಿ ನಿಂತ ಮೊಮ್ಮಗಳ ಕಡೆಗೂ ನೋಡಿ, ನನ್ನ ಕೆನ್ನೆ ಮುಟ್ಟಿದಳು, ಅಷ್ಟೆ. ಆಮೇಲೆ ಮಗ ನನ್ನನ್ನು ಸ್ಕೂಟರಿನಲ್ಲಿ ಸ್ಟಾಪಿನ ತನಕ ಬಿಟ್ಟ. ನಾನು ಒಬ್ಬಳೇ ಬಸ್ಸು ಹತ್ತಿ ಕೂತೆ.